ಅರ್ಜಿಗೆ ಬರೆಯಬೇಕಾದ ಹೆಸರು

ಕಳ್ಳಂಬೆಳ್ಳ
೧೨-೨-೧೯೩೬, ಬುಧವಾರ

ಮಧುಗಿರಿಯಲ್ಲಿ ಬಾಳುತ್ತಿರುವ ನನ್ನ ಮೊಮ್ಮಗಳಿಗೆ ಅಜ್ಜಿಯ ಆಶೀರ್ವಾದ.

ಇಲ್ಲಿ ಎಲ್ಲರೂ ಉಸಿರಾಡಿಕೊಂಡಿದ್ದೇವೆ. ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಬೇಗ ಬರೆಯಲಿಲ್ಲವೆಂದು ಮುಖ ಊದಿಸಿಕೊಳ್ಳಬೇಡ. ಹುಣಸೆಹಣ್ಣು ಕುಟ್ಟಿ ಕುಟ್ಟಿ ಮಣಿಕಟ್ಟು ಬಿದ್ದುಹೋಗಿದೆ. ಅಯ್ಯನವರ ಜಗಲಿಯಲ್ಲಿ ಎರಡು ವರ್ಷ ಮರಳಿನ ಮೇಲೆ ತಿದ್ದಿದ ಅಕ್ಷರ ನನ್ನದು; ಒಂದು ಸಾಲು ಬರೆಯುವುದರೊಳಗೆ ಸಾಕುಸಾಕಾಗುತ್ತದೆ.

ಮೇಷ್ಟ್ರಾದ ನಿನ್ನ ಗಂಡ ನಿನಗೂ ಇಂಗ್ಲಿಷ್ ಕಲಿಸುತ್ತಿರುವುದು ಸಂತೋಷ. ಮನುಷ್ಯರ ಹೆಸರು, ಊರಿನ ಹೆಸರು ಸಾಲಿನಲ್ಲಿ ಎಲ್ಲೇ ಕೂತಿರಲಿ ಮೊದಲಕ್ಷರ ದೊಡ್ಡದು, ಊರಿನ ಹೆಸರಿಂದ ಹುಟ್ಟಿದ ಮಾತಿಗೂ ದೊಡ್ಡದು, ಹೊಳೆ, ಊರು, ಸೊಸೆ ಎಂಬ ಬರಿಯ ಮಾತಿಗೆ ಸಣ್ಣದು ಎಂದು ಬರೆದಿದ್ದೀಯಲ್ಲ, ಅದನ್ನು ಪಕ್ಕದ ಮನೆ ಕೆಂಚಮ್ಮನಿಗೆ ಓದಿ ಹೇಳಿದೆ. "ಸೊಸೆಗೆ ಅಲ್ಲೂ ಸಣ್ಣಕ್ಷರವೇನಮ್ಮ?" ಎಂದಳು. "ಅತ್ತೆಗೂ ಸಣ್ಣದೇ ಕಣೇ, ಅದೊಂದು ನ್ಯಾಯ ಐತೆ ಬುಡು" ಎಂದೆ. ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

ಇನ್ನು ನೀನು ಕೇಳಿದ ವಿಷಯ. ಪರೀಕ್ಷೆಯ ಅರ್ಜಿಗೆ ಯಾವ ಹೆಸರು ಬರೆಯಲಿ, ಒಮ್ಮೆ ಬರೆದರೆ ದಾಖಲೆಯಲ್ಲಿ ಕೊನೆತನಕ ಅದೇ ಉಳಿಯುತ್ತದೆ ಎಂದಿದ್ದೀಯೆ. ನಾವು ಇಟ್ಟದ್ದು ಚನ್ನಮಲ್ಲಮ್ಮ. ನಿನ್ನ ಅತ್ತೆಯ ಹೆಸರೂ ಅದೇ ಆಗಿ ಬಂತು. ಮದುವೆಯ ದಿನವೇ ಆಕೆ, "ನನ್ನ ಮಗ ಹೆತ್ತವ್ವನ ಹೆಸರಿಡಿದು ಹೆಂಡ್ರನ್ನ ಕೂಗಕ್ಕಾಯ್ತದಾ? ಇವತ್ತಿಂದ ಇವಳು ಶಿವರುದ್ರಮ್ಮ" ಎಂದರು. ಚಪ್ಪರದಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಆದ್ದರಿಂದ ಶಿವರುದ್ರಮ್ಮ ಎಂದೇ ಬರೆ. ಆಕೆಯ ನಾಲಿಗೆ ನನ್ನದಕ್ಕಿಂತ ಉದ್ದ. ಆ ಮನೆಯಲ್ಲಿ ಬಾಳಬೇಕಾದವಳು ನೀನು. ಜಗಳಕ್ಕೆ ನನಗೂ ಈಗ ತ್ರಾಣವಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ತಲೆಯ ಮೇಲೆ ಶಿವನ ಕೈ ಇರಲಿ.

ಇಂತಿ,
ನಿನ್ನ ಅಜ್ಜಿ
ಬಸವಮ್ಮ

ಮಡಿಸಿಟ್ಟ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಹೆಸರಿನ ವಿಷಯ ಮೇಲೆ ಬರೆದದ್ದನ್ನು ಬಿಟ್ಟುಬಿಡು. ಚನ್ನಮಲ್ಲಮ್ಮ ಎಂಬ ಹೆಸರು ನಿನಗಿಂತ ಮೊದಲು ನನ್ನ ಹಿರಿಮಗಳದು, ನಿನ್ನ ಸೋದರತ್ತೆಯದು. ಪ್ಲೇಗು ಬಂದ ವರ್ಷ ಊರಾಚೆಯ ಗುಡಿಸಲಿನಲ್ಲಿ ಹೋದಳು. ಒಂಬತ್ತು ವರ್ಷ. ಸತ್ತವರ ಪಟ್ಟಿ ಬರೆಯುವವನು ಬಂದು ಹೆಸರು ಕೇಳಿದ. ನನಗೆ ಸ್ವರ ಹೊರಡಲಿಲ್ಲ. 'ಹೆಣ್ಣುಕೂಸು ಒಂದು' ಎಂದು ಬರೆದುಕೊಂಡು ಮುಂದಿನ ಗುಡಿಸಲಿಗೆ ನಡೆದ. ಊರಿಗೆಲ್ಲ ಬಾಯಿ ಮಾಡುವ ನಾನು ಆ ಹೆಸರು ಹೋದ ಎರಡು ಸಲವೂ ಬಾಯಿ ಬಿಡಲಿಲ್ಲ. ಅರ್ಜಿಯಲ್ಲಿ ಚನ್ನಮಲ್ಲಮ್ಮ ಎಂದು ಬರೆ. ಅತ್ತೆ ರೇಗಿದರೆ ಈ ಕಾಗದ ಅವರ ಕೈಗೆ ಕೊಡು.