ಎಂಟುನೂರ ಎಪ್ಪತ್ತು ಡಿಗ್ರಿಗೆ ಆರತಿ

ಸೆಪ್ಟೆಂಬರ್ ೨೩, ಸಂಜೆ ೬
ನಾಲ್ಕನೇ ಸಲ. ಲ್ಯಾಂಥನಮ್, ನಿಕಲ್ ಪುಡಿ, ಅವನ್ನು ಕರಗಿಸುವ ಉಪ್ಪು — ಮೂಸೆಗೆ ತುಂಬಿ ಫರ್ನೇಸಿಗೆ ಇಟ್ಟೆ. ಸಾವಿರದ ಐವತ್ತಕ್ಕೆ ಏರಿ, ಆಮೇಲೆ ಗಂಟೆಗೆ ಒಂದೇ ಡಿಗ್ರಿ ಇಳಿಯಬೇಕು. ಕಾಲೇಜಿನ ಫರ್ನೇಸ್ ಸುಟ್ಟುಹೋಗಿದೆ. ಹರಿಹರದ ಮಹೇಂದ್ರ ಅವರ ವರ್ಕ್‌ಶಾಪ್ ಶೆಡ್ಡೇ ಗತಿ.

ಶೆಡ್ಡಿನ ಹಳಬ, ಭಾನುವಳ್ಳಿಯ ಹಾಲೇಶಪ್ಪ ಇಣುಕಿದರು. "ಏನ್ ಬೆಳಿತೀರಿ ಮೇಡಂ ಇದ್ರಾಗೆ?"

"ಹರಳು. ಗಟ್ಟಿಯಾಗಿ ಒತ್ತಿ ತಣ್ಣಗೆ ಮಾಡಿದ್ರೆ, ಅದ್ರೊಳಗೆ ಕರೆಂಟ್ ಒಂಚೂರೂ ಪೋಲಾಗಲ್ಲ."

"ಹಂಗಾರೆ ಮೊದ್ಲು ಕರೆಂಟ್ ಆಫೀಸ್ನೋರಿಗೆ ಕೊಡ್ರಿ."

ನಕ್ಕೆ. ಅಕ್ಟೋಬರ್ ೩೧ರೊಳಗೆ ಹರಳು ತೋರಿಸದಿದ್ದರೆ ಪಿಎಚ್.ಡಿ. ನೋಂದಣಿ ರದ್ದು. ಆರು ವರ್ಷ ನೀರುಪಾಲು.

ಸೆಪ್ಟೆಂಬರ್ ೨೯
೯೧೨ ಡಿಗ್ರಿ. ಸರಿಯಾಗಿದೆ. "ಮುಟ್ಟಬೇಡಿ" ಅಂತ ಚೀಟಿ ಅಂಟಿಸಿದೆ. "ಆತು ಬಿಡ್ರಿ, ನಾನದೀನಲ್ಲ" — ಹಾಲೇಶಪ್ಪ.

ಅಕ್ಟೋಬರ್ ೧, ಮಧ್ಯಾಹ್ನ
ಅಯ್ಯೋ ದೇವರೇ... ಆಯುಧಪೂಜೆ! ನನಗೆ ಹೊಳೆಯಲೇ ಇಲ್ಲ.

ಬಂದು ನೋಡಿದರೆ ಲೇತಿಗೆ ಬಾಳೆಕಂದು. ನನ್ನ ಫರ್ನೇಸಿಗೆ ವಿಭೂತಿ, ಚೆಂಡುಹೂ. ಬಾಗಿಲು ಅರೆ ತೆರೆದಿದೆ. ಡಿಸ್‌ಪ್ಲೇ ಆರಿದೆ.

"ಯಾರು ಆಫ್ ಮಾಡಿದ್ದು?"

"ನಾನೇ ಮೇಡಂ, ಹನ್ನೊಂದಕ್ಕ. ಎಂಟ್ನೂರ ಎಪ್ಪತ್ತಿತ್ತು, ಬರ್ದಿಟ್ಟೀನಿ. ವರ್ಷಕ್ಕೊಂದಿನ ಅದಕ್ಕೂ ವಿಶ್ರಾಂತಿ ಬ್ಯಾಡೇನ್ರಿ? ಉರಿಯೋದಕ್ಕ ಹೆಂಗ್ ಪೂಜಿ ಮಾಡ್ಲಿ?"

ಎಲ್ಲರೆದುರು ಕೂಗಾಡಿದೆ. ಮೂಢ ಅಂದುಬಿಟ್ಟೆ. ಮೂವತ್ತು ವರ್ಷ ಬೆಂಕಿ ಕಾದ ಮನುಷ್ಯನಿಗೆ. ಅವರು ಪ್ರಸಾದದ ಮಂಡಕ್ಕಿ ನನ್ನ ಬ್ಯಾಗಿನ ಪಕ್ಕ ಇಟ್ಟು ಹೊರಟುಹೋದರು.

ಅಕ್ಟೋಬರ್ ೬
ಬಿಸಾಡುವ ಮೊದಲು ನೋಡೋಣ ಅಂತ ಮೂಸೆಯ ಉಪ್ಪನ್ನು ನೀರಲ್ಲಿ ಕರಗಿಸಿದೆ. ತಳದಲ್ಲಿ ಕಪ್ಪು ಚೌಕಗಳು! ಎಳ್ಳಿನಷ್ಟು. ಎಕ್ಸ್‌ರೇಯಲ್ಲಿ ಬೇಕಾದ ಜಾತಿಯೇ. ನಡುವೆ ಥಟ್ಟನೆ ಆರಿಸಿದ್ದಕ್ಕೇ ಉಳಿದಿವೆ; ಹಿಂದಿನ ಮೂರು ಸಲವೂ ಕೊನೆತನಕ ನಿಧಾನ ತಣಿಸಿ ನಾನೇ ಕೆಡಿಸಿದ್ದೆ. ಈಗ ಮೂಢ ಯಾರು?

ಗೈಡ್ ಲತಾ ಮೇಡಂ ಕುಣಿಯಲಿಲ್ಲ. "ಒಂದ್ಸಲ ಬಂದ್ರೆ ಯಾರೂ ನಂಬಲ್ಲ ರಶ್ಮಿ. ಅದೇ ಥರ ನಿಲ್ಸಿ, ಇನ್ನೊಂದ್ಸಲ ತೋರ್ಸು."

ಅಕ್ಟೋಬರ್ ೮, ಸಂಜೆ ೬
ಪುಡಿ ಇನ್ನೊಂದೇ ಸಲಕ್ಕಿತ್ತು. ತುಂಬಿ ಇಟ್ಟೆ. ಬಾಗಿಲು ಎಷ್ಟು ತೆರೆದಿದ್ದರು? ಎಷ್ಟು ಹೊತ್ತು? ಹಾಲೇಶಪ್ಪನೇ ಹೇಳಬೇಕು. ಅವರು ಅಂದಿನಿಂದ ಕೆಲಸಕ್ಕೇ ಬಂದಿಲ್ಲ.

ಅಕ್ಟೋಬರ್ ೧೨
ಭಾನುವಳ್ಳಿ ಬಸ್ಸು ಹಿಡಿದು ಹಾಲೇಶಪ್ಪನ ಮನೆಗೆ ಹೋದೆ. ತಪ್ಪಾಯ್ತು ಅಂದೆ. ಅವರು ಹರಳನ್ನು ಅಂಗೈಲಿಟ್ಟು ಬೆಳಕಿಗೆ ಹಿಡಿದರು.

"ಅವತ್ತು ಬಾಗ್ಲು ಎಷ್ಟು ತೆಗ್ದಿದ್ರಿ?"

"ಲೆಕ್ಕ ಯಾರಿಗ್ಗೊತ್ತು? ಕೈಗೆ ಗೊತ್ತೈತೆ."

"ಗುರುವಾರ ಹನ್ನೊಂದಕ್ಕೆ ಮತ್ತೆ ಎಂಟ್ನೂರ ಎಪ್ಪತ್ತಾಗುತ್ತೆ, ಬರ್ತೀರಾ?"

"ಸುಮ್‌ಸುಮ್ನೆ ಉರಿಯೋದನ್ನ ಆರಿಸಬಾರ್ದ್ರಿ. ಪೂಜಿ ಇದ್ರೆ ಬರ್ತೀನಿ."

"ಹಬ್ಬ ಮುಗೀತಲ್ಲ..."

"ನೀವ್ ಮಾಡ್ರಿ. ನಿಮ್ಮ ಆಯುಧ ಅಲ್ಲೇನು ಅದು?"

ಅಕ್ಟೋಬರ್ ೧೬, ಬೆಳಗ್ಗೆ ೧೦.೪೦
ಎಂ.ಸಿ.ಸಿ. ಬಡಾವಣೆಯ ಮನೆಯಿಂದ ಸ್ಕೂಟರಿನಲ್ಲಿ ಬಂದೆ, ಕಾಲಸಂದಿಯಲ್ಲಿ ಕುಂಬಳಕಾಯಿ. "ಇವತ್ ಯಾವ ಹಬ್ಬನೇ?" ಅಂದಿದ್ದಳು ಅಮ್ಮ, ಹೊರಡುವಾಗ. ಫರ್ನೇಸಿನ ಮುಂದೆ ಹೂವು, ಮಂಡಕ್ಕಿ. ಶೆಡ್ಡಿನವರೆಲ್ಲ ಮುಸಿಮುಸಿ ನಗು. ನಗಲಿ. ೮೭೧. ಹಾಲೇಶಪ್ಪ ಇಲ್ಲ.

೧೦.೫೧
ಇಲ್ಲ. ಫೋನ್ ಎತ್ತುತ್ತಿಲ್ಲ. ಗೇಟಿನವರೆಗೂ ಹೋಗಿ ನೋಡಿ ಬಂದೆ.

೧೦.೫೭
ಬಂದರು! ಸ್ನಾನ ಮಾಡಿ, ಬಿಳಿ ಅಂಗಿ ಹಾಕಿಕೊಂಡು. ಚಪ್ಪಲಿ ಹೊರಗೆ ಬಿಟ್ಟರು. ಒಂದು ಕೈ ಸ್ವಿಚ್ಚಿನ ಮೇಲೆ, ಇನ್ನೊಂದು ಬಾಗಿಲಿಗೆ.

"ಬರ್ಯೋದು ಸಾಕ್ರಿ ಮೇಡಂ. ಕರ್ಪೂರ ಹಚ್ರಿ."

೮೭೦. ಪೆನ್ನು ಕೆಳಗಿಟ್ಟು ಕಡ್ಡಿ ಗೀರುತ್ತಿದ್ದೇನೆ.