ತಾಯಿ ಹೇಳಿದ್ದು

ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಸದಾ ನಿನ್ನ ಬೆನ್ನಿಗಂಟಿಕೊಂಡಿದ್ದ ನಿನ್ನ ಬಾಲ ಮಾಡುವ ನಮಸ್ಕಾರಗಳು. ಭಾವನಿಗೂ ತಿಳಿಸು. ನಿನ್ನ ಪಾರ್ಸೆಲ್ ತಲುಪಿ ಹನ್ನೆರಡು ದಿನವಾಯಿತು. ಅಂದೇ ಬರೆಯಬೇಕಿತ್ತು. ಬೈಯಬೇಡ, ಬೈದರೂ ಸ್ವಲ್ಪವೇ ಬೈ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನಾನು ಬರೀ ನಗುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ಎಂದು ನೀನು ಎಷ್ಟು ರೇಗಿಸಿದರೂ ಮನಸ್ಸು ತುಂಬಿ ಬಂದಾಗ ನನಗೆ ನಮ್ಮ ಭಾಷೆಯೇ ಬೇಕು.

ನಮ್ಮ ವಾರ್ಡಿನ ಕೂಸುಗಳಿಗೆ ಏಳು ಟೋಪಿ, ಅಕ್ಕ. ಒಂದೊಂದೂ ನನ್ನ ಮುಷ್ಟಿಯಷ್ಟು. ಇವರು ಹಸಿರು ಟೋಪಿಯನ್ನು ಎರಡು ಬೆರಳಿಗೆ ಹಾಕಿಕೊಂಡು ಮೇಜಿನ ಮೇಲೆ ನಡೆಸಿದರು. ಹೌದು, ಇನ್ನು ಇವರ ವಿಷಯ ಶುರು, ತಡೆದುಕೊ. ಮದುವೆಯಾಗಿ ಎರಡು ತಿಂಗಳು, ನನಗೆ ಇನ್ನೂ ಹೊಗಳಿ ಮುಗಿದಿಲ್ಲ. ಗಡಿಯಾರ ರಿಪೇರಿಯವನನ್ನು ಕಟ್ಟಿಕೊಂಡರೆ ಎಲ್ಲ ಹೊತ್ತಿಗೆ ಸರಿಯಾಗಿ ನಡೆಯುತ್ತದೆ ಎಂದಿದ್ದೆಯಲ್ಲ. ಕೆಳಗೆ ಅಂಗಡಿ, ಮೇಲೆ ನಮ್ಮ ಎರಡು ಕೋಣೆ, ಎರಡೂ ಕಡೆ ಸೇರಿ ಹದಿನಾರು ಗಡಿಯಾರ. ಒಂದರ ಸಮಯ ಇನ್ನೊಂದಕ್ಕೆ ಇಲ್ಲ. ನಾನು ದಿನಾ ಓಡಿಕೊಂಡೇ ಡ್ಯೂಟಿಗೆ ಹೋಗುವುದು. ಕೇಳಿದರೆ, "ರಿಪೇರಿಗೆ ಬಂದಿರೋವು ಕಣೇ, ಸರಿ ಇದ್ದಿದ್ರೆ ಯಾಕೆ ಬರ್ತಿದ್ವು?" ಎನ್ನುತ್ತಾರೆ.

ನಮ್ಮ ವಾರ್ಡಿನಲ್ಲಿ ಮೊಣಕೈ ಕೆಳಗೆ ಬಳೆ, ಉಂಗುರ, ವಾಚು ಏನೂ ಇರಬಾರದು, ಆಗತಾನೆ ಹುಟ್ಟಿದ ಕೂಸುಗಳನ್ನು ಮುಟ್ಟುವ ಕೈ. ಮದುವೆಯ ಉಂಗುರ ಬಿಚ್ಚುವಾಗ ಮೊದಲ ದಿನ ನನಗೆ ಅಳುವೇ ಬಂದಿತ್ತು. ಅದಕ್ಕೆ ಇವರು ಎದೆಗೆ ಚುಚ್ಚಿಕೊಳ್ಳುವ ಗಡಿಯಾರ ಮಾಡಿಕೊಟ್ಟರು, ಕೆಂಪು ಸೆಕೆಂಡಿನ ಮುಳ್ಳಿನದ್ದು. ತಲೆಕೆಳಗಾಗಿ ನೇತಾಡುತ್ತದೆ. "ನೋಡೋರಿಗೆ ಉಲ್ಟಾ, ನೀನು ಬಗ್ಗಿ ನೋಡಿದ್ರೆ ಸರಿ" ಎಂದರು. ಇಡೀ ವಾರ್ಡಿಗೆ ಅದನ್ನು ತೋರಿಸಿಕೊಂಡು ಬಂದೆ. ಕೂಸುಗಳಿಗೂ ತೋರಿಸಿದೆ.

ಈಗ ನಮ್ಮ ದೊಡ್ಡ ಸಿಸ್ಟರ್ ವಿಷಯ. ಇಪ್ಪತ್ತೆಂಟು ವರ್ಷದಿಂದ ಇದೇ ವಾರ್ಡಿನಲ್ಲಿ ಇರುವವರು. ಬೇರೆ ಯಾವ ಆಸ್ಪತ್ರೆಯಲ್ಲೂ ನಾನು ಕಾಣದ ಒಂದು ಪದ್ಧತಿ ಅವರದು. ಪ್ರತಿ ಕೂಸಿನ ಚಾರ್ಟಿನ ನೆತ್ತಿಯಲ್ಲಿ ಸ್ಕೇಲ್ ಇಟ್ಟು ಒಂದು ಗೆರೆ ಎಳೆದು "ತಾಯಿ ಹೇಳಿದ್ದು" ಎಂದು ಬರೆಯುತ್ತಾರೆ. ಮೈಬಿಸಿ, ಬಣ್ಣ, ಉಸಿರು, ಹೊಕ್ಕುಳು, ಹಾಲು ಕುಡಿದದ್ದು, ಒದ್ದೆ ಮಾಡಿದ್ದು, ಇವೆಲ್ಲ ಆಮೇಲೆ. ಮೊದಲು ತಾಯಿಯನ್ನು ಕೇಳಿ, ಅವಳ ಮಾತನ್ನು ಅವಳು ಆಡಿದ ಹಾಗೇ ಬರೆದು, ಆನಂತರವೇ ಕೂಸನ್ನು ಮುಟ್ಟಬೇಕು.

ಪಾರ್ಸೆಲ್ ಬಂದ ಮರುದಿನ ಬೆಳಿಗ್ಗೆ ಐದನೇ ತೊಟ್ಟಿಲಲ್ಲಿ ಎರಡು ದಿನದ ಹೆಣ್ಣುಕೂಸು. ತಾಯಿ ಟೈಲರ್, ಚೊಚ್ಚಲು. ನಾನು ತಡವಾಗಿ ಬಂದಿದ್ದೆ, ತಲೆಯ ತುಂಬ ಇವರು ಬೆಳಿಗ್ಗೆ ಹೇಳಿದ ಜೋಕು. ಅವಳು ನನ್ನ ತೋಳು ಹಿಡಿದು, "ಸಿಸ್ಟರ್, ಮಷೀನ್ ಜೋರಾಗಿ ತುಳೀತಾ ಇರುವಾಗ ದಾರ ತುಂಡಾದ್ರೆ ನಿಲ್ಲಿಸ್ತೀವಲ್ಲ, ಪೋಣಿಸಿ ಮತ್ತೆ ಜೋರು ತುಳೀತೀವಲ್ಲ, ಹಾಗೆ ಉಸಿರಾಡ್ತಿದೆ" ಎಂದಳು.

ನಾನು ನಕ್ಕೆ. "ಎಳೆಮಕ್ಕಳ ಉಸಿರೇ ಹಾಗೆ. ಸ್ವಲ್ಪ ನಿಲ್ಲುತ್ತೆ, ಮತ್ತೆ ಶುರುವಾಗುತ್ತೆ. ಪುಸ್ತಕದಲ್ಲೇ ಇದೆ. ಮೊದಲನೇ ಮಗು ಅಲ್ವಾ, ಭಯ ಅನ್ಸುತ್ತೆ" ಎಂದೆ. ಹೊಟ್ಟೆ ಏರಿಳಿಯುವುದನ್ನು ಅರ್ಧ ನಿಮಿಷ ಎಣಿಸಿದೆ, ಇಪ್ಪತ್ತೇಳು. ಎರಡರಿಂದ ಗುಣಿಸಿ ಐವತ್ತನಾಲ್ಕು ಎಂದು ಬರೆದೆ. ಅರವತ್ತರ ಒಳಗಿದ್ದರೆ ಸರಿ. "ತಾಯಿ ಹೇಳಿದ್ದು" ಎಂಬಲ್ಲಿ "ಏನೂ ಇಲ್ಲ" ಎಂದು ಬರೆದು ಮುಂದೆ ಹೋದೆ.

ಹತ್ತು ನಿಮಿಷದಲ್ಲಿ ದೊಡ್ಡ ಸಿಸ್ಟರ್ ಆ ಚಾರ್ಟ್ ಹಿಡಿದು ತೊಟ್ಟಿಲ ಬಳಿಗೆ ನನ್ನನ್ನು ಕರೆದರು.

"ಇವರಿಗೆ ಬಾಯಿ ಇಲ್ವೇನಮ್ಮ?"

ಟೈಲರ್ ನನ್ನ ಮುಖ ನೋಡಿ, "ಏನಿಲ್ಲ ಬಿಡಿ, ಅವರು ಎಲ್ಲಾ ಸರಿಯಾಗಿದೆ ಅಂದ್ರು" ಎಂದಳು.

"ಅವಳು ಅಂದಿದ್ದು ಬೇಡ. ನೀವು ಅಂದಿದ್ದು ಹೇಳಿ."

ಅವಳು ಮಷೀನು, ದಾರ ಎಲ್ಲವನ್ನೂ ಮತ್ತೆ ಹೇಳಿದಳು. ದೊಡ್ಡ ಸಿಸ್ಟರ್ ನನ್ನ ಕಡೆ ತಿರುಗಿ, "ನಿನ್ನ ಗಂಡನ ಗಡಿಯಾರಕ್ಕೆ ನಿಮಿಷ ಪೂರ್ತಿ ಇದೆ ತಾನೆ? ಎಣಿಸು" ಎಂದರು.

ಅಕ್ಕ, ಆ ಅರವತ್ತು ಸೆಕೆಂಡು. ಉಸಿರು ಒಂದು ಕಡೆ ನಿಂತಿತು, ಮತ್ತೆ ಜೋರಾಗಿ ಓಡಿತು. ನನ್ನ ಅರ್ಧ ನಿಮಿಷದಲ್ಲಿ ಅಂಥ ನಿಲುಗಡೆಯೊಂದು ಸೇರಿ ಲೆಕ್ಕ ಕಡಿಮೆ ಬಂದಿತ್ತು. ಈಗ ಎಪ್ಪತ್ತೊಂದು. ಕೂಸು ಅತ್ತಿಲ್ಲ, ಆಗತಾನೆ ಹಾಲು ಕುಡಿದದ್ದೂ ಅಲ್ಲ. ಸ್ವಲ್ಪ ತಡೆದು ಮತ್ತೆ ಎಣಿಸಿದೆ, ಎಪ್ಪತ್ತೆರಡು. ಅಂಗಿ ಎತ್ತಿದರೆ ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಎಳೆಯುತ್ತಿತ್ತು. ಡಾಕ್ಟರು ಬಂದರು, ಕೂಸನ್ನು ಒಳಗಿನ ತೀವ್ರ ನಿಗಾ ಘಟಕಕ್ಕೆ ಒಯ್ದರು. ರಕ್ತದಲ್ಲಿ ಸೋಂಕು ಶುರುವಾಗಿತ್ತು. "ಸಂಜೆವರೆಗೆ ಬಿಟ್ಟಿದ್ದರೆ ಕಷ್ಟ ಇತ್ತು" ಎಂದರು ಡಾಕ್ಟರು.

ದೊಡ್ಡ ಸಿಸ್ಟರ್ ಕೂಗಾಡಲಿಲ್ಲ. ಚಾರ್ಟ್ ಮುಂದಿಟ್ಟರು. ನಾನು ವೈಟ್ನರ್ ಹುಡುಕಿದೆ. "ಅಳಿಸೋ ಹಾಗಿಲ್ಲ. ಒಂದೇ ಗೆರೆ ಹೊಡಿ. ತಪ್ಪು ಓದೋಕೆ ಸಿಗ್ಬೇಕು. ಪಕ್ಕದಲ್ಲಿ ಅವಳ ಮಾತು ಬರಿ, ಸಹಿ ಹಾಕು." ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು ನಾನು ಬರೆದು ಮುಗಿಸುವ ತನಕ ನಿಂತಿದ್ದರು. ಆ ಕೈಗೆ ನಾನು ಎಷ್ಟು ಋಣಿಯೋ ಹೇಳಲಾರೆ.

ಆ ದಿನ ಮನೆಗೆ ಬಂದು ಇವರ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಎಲ್ಲ ಹೇಳಿದೆ. ಇವರು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು ಪೂರ್ತಿ ಕೇಳಿದರು. ಅಡುಗೆ ಮಾಡಿ, ತಟ್ಟೆ ಹಾಕಿ, "ನಾಳೆ ನಾನು ನಿನ್ನ ಬೇಗ ಎಬ್ಬಿಸ್ತೀನಿ" ಎಂದರು ಅಷ್ಟೇ. ಅಂದಿನಿಂದ ನಾನು ಹತ್ತು ನಿಮಿಷ ಮೊದಲೇ ವಾರ್ಡಿನಲ್ಲಿ ಇರುತ್ತೇನೆ.

ಇವತ್ತು ಬೆಳಿಗ್ಗೆ ಆ ಕೂಸು ಮನೆಗೆ ಹೋಯಿತು. ಉಸಿರು ನಿಮಿಷಕ್ಕೆ ನಲವತ್ತಾರು, ಪೂರ್ತಿ ನಿಮಿಷ ಎಣಿಸಿದ್ದು. ತಲೆಗೆ ನಿನ್ನ ಹಸಿರು ಟೋಪಿ. ಟೈಲರ್ ಹೆಣಿಗೆಯನ್ನು ಬೆರಳಲ್ಲಿ ಸವರಿ, "ಯಾರು ಹೆಣೆದಿದ್ದು? ಕೈ ಬಹಳ ಚೊಕ್ಕ ಇದೆ" ಎಂದಳು. ನಮ್ಮಕ್ಕ ಎಂದೆ. "ನಿಮ್ಮಕ್ಕಂಗೆ ಒಳ್ಳೇದಾಗ್ಲಿ, ನಿಮಗೂ" ಎಂದಳು. ನನಗೂ ಅಂತೆ. ಆ ಹಾರೈಕೆಯನ್ನು ಇಟ್ಟುಕೊಳ್ಳಲು ನನಗೆ ಜಾಗ ಸಾಲದು, ನಿನಗೂ ಕಳಿಸುತ್ತಿದ್ದೇನೆ.

ಭಾವನ ಮಂಡಿನೋವಿಗೆ ಬಿಸಿನೀರಿನ ಶಾಖ ಕೊಡು. ದೊಡ್ಡವಳು ನೀನು, ನನ್ನನ್ನೂ ಇವರನ್ನೂ ಹರಸು. ನಿಮ್ಮಿಬ್ಬರ ಮನೆ ನಗುತ್ತಿರಲಿ.

ಇಂತು ನಿನ್ನ,
ಬಾಲ

ಮರೆತ ಮಾತು: ಮರೆತದ್ದಲ್ಲ, ಅಕ್ಕ. ಟೋಪಿಗಳನ್ನು ನೀನು ಯಾರ ನೆನಪಿಗೆ ಹೆಣೆದದ್ದು ಎಂದು ಕಟ್ಟು ಬಿಚ್ಚಿದ ಕೂಡಲೇ ನನಗೆ ಗೊತ್ತಾಯಿತು. ಎರಡು ವರ್ಷದ ಹಿಂದೆ ನಿನ್ನ ಕೂಸಿಗೆ ಮೂರು ದಿನವಾಗಿದ್ದಾಗ ರಾತ್ರಿ ನೀನು ಫೋನ್ ಮಾಡಿದ್ದೆ. ನಾನಿನ್ನೂ ನರ್ಸಿಂಗ್ ಓದುತ್ತಿದ್ದೆ. ಎಳೆಮಕ್ಕಳ ಉಸಿರೇ ಹಾಗೆ, ಪುಸ್ತಕದಲ್ಲಿದೆ ಎಂದು ನಕ್ಕು ಫೋನ್ ಇಟ್ಟೆ. ನನ್ನ ಮಾತು ನಂಬಿ ನೀನು ಬೆಳಗಾಗುವವರೆಗೆ ಕಾದೆ. ಬೆಳಿಗ್ಗೆ ಕೂಸು ಇರಲಿಲ್ಲ. ಆ ಫೋನಿನ ವಿಷಯ ನೀನು ಯಾರಿಗೂ ಹೇಳಲಿಲ್ಲ, ಭಾವನಿಗೂ. ನನ್ನ ಮದುವೆಯಲ್ಲಿ ನನ್ನ ತಲೆ ಬಾಚಿದ್ದೂ ನೀನೇ. ನನ್ನ ಮಾತನ್ನು ಅಳಿಸಲಾರೆ. ಒಂದು ಗೆರೆ ಹೊಡೆದು, ಪಕ್ಕದಲ್ಲಿ ಆ ರಾತ್ರಿಯ ನಿನ್ನ ಮಾತನ್ನು ಬರೆದು ಸಹಿ ಹಾಕುತ್ತಿದ್ದೇನೆ.

ತಾಯಿ ಹೇಳಿದ್ದು: "ಓಡಿ ಬಂದವರ ಹಾಗೆ ಉಸಿರಾಡ್ತಿದೆ ಕಣೇ, ನನಗ್ಯಾಕೋ ಸರಿ ಅನ್ನಿಸ್ತಿಲ್ಲ."