ಹನ್ನೆರಡಕ್ಕಿಂತ ಕೆಳಗೆ

ಮೇ 4, ಬೆಳಿಗ್ಗೆ

12.1 ವೋಲ್ಟ್. ನಿನ್ನೆಗಿಂತ ಕಡಿಮೆ.

ವ್ಯಾನನ್ನು ಓಡಿಸುವ ಬ್ಯಾಟರಿ ಬೇರೆ. ಇದು ಎರಡನೆಯದು, ನಮ್ಮನ್ನು ಓಡಿಸುವುದು. ದೀಪ, ಪುಟ್ಟ ಫ್ರಿಜ್, ನೀರಿನ ಪಂಪು, ರಾತ್ರಿಯಿಡೀ ಅಕ್ಕನ ಉಸಿರಿನ ಮೆಷಿನ್. ನಿದ್ದೆಯಲ್ಲಿ ಅವಳ ಉಸಿರು ನಿಂತು ನಿಂತು ಹೋಗುತ್ತದೆ. ಮಾಸ್ಕ್ ಕಟ್ಟಿ ಗಾಳಿ ಒತ್ತುತ್ತಿರಬೇಕು, ಒಂದು ರಾತ್ರಿಯೂ ತಪ್ಪಿಸಬಾರದು ಅಂದಿದ್ದಾರೆ ಡಾಕ್ಟರ್. ವ್ಯಾನಿನಲ್ಲಿ ಊರೂರು ಸುತ್ತಲು ಒಬ್ಬಳೇ ಹೋಗಕೂಡದು ಅಂದದ್ದೂ ಅವರೇ. ಹಾಗಾಗಿ ನಾನು. ರಜೆಯಲ್ಲಿ ಮನೆಯಲ್ಲಿ ಕೂತು ಕವಿತೆ ಓದಬೇಕಾದವಳು ದಿನಾ ಎದ್ದು ಮೀಟರ್ ಓದುತ್ತಿದ್ದೇನೆ. ಎದ್ದ ತಕ್ಷಣ, ಯಾವ ಸ್ವಿಚ್ಚನ್ನೂ ಹಾಕುವ ಮೊದಲು ನೋಡಬೇಕಂತೆ. ಹಗಲು, ಮೇಲಿನ ಸೋಲಾರ್ ಹಲಗೆಯೋ ಓಡುವ ಇಂಜಿನ್ನೋ ಚಾರ್ಜ್ ಮಾಡುವಾಗ, ತೋರಿಸುವುದೆಲ್ಲ ಬರೀ ಡೌಲಂತೆ.

ಅಕ್ಕ ಎದ್ದಳು. ಎರಡೂ ಕೆನ್ನೆಯ ಮೇಲೆ ಮಾಸ್ಕಿನ ಪಟ್ಟಿಯ ಕೆಂಪು ಗೆರೆ. ಪಟ್ಟೆಹುಲಿ ಅಂದೆ. ಅವಳು ಬಿಡುತ್ತಾಳೆಯೇ? ಬ್ಯಾಟರಿ ಇಳಿಯುವುದಕ್ಕೆ ನನ್ನ ಓದುವ ದೀಪವೇ ಕಾರಣವಂತೆ.

"ನಿನ್ನ ಕವಿಗಳು ತುಂಬ ಕರೆಂಟ್ ಕುಡೀತಾರೆ ಕಣೇ."

ಮೈ ಉರಿಯಿತು. ಫ್ರಿಜ್ಜಿನ ಮುಂದೆ ನನ್ನ ದೀಪ ಆನೆಯ ಮುಂದೆ ಇರುವೆ. ಅಂದುಬಿಟ್ಟೆ: "ಈ ಮೀಟರ್ ಒಂದು ದಿನ ಹನ್ನೆರಡಕ್ಕಿಂತ ಕೆಳಗೆ ಇಳೀಲಿ, ಅವತ್ತೇ ಗಾಡಿ ಮನೆ ಕಡೆಗೆ."

ಅಕ್ಕ ನಗುವುದನ್ನು ನಿಲ್ಲಿಸಿದಳು. ನಿಲ್ಲಿಸಲಿ.

ಮೇ 5

ಬೆಳಿಗ್ಗೆ ಸರಿಯಾಗಿ 12.0. ಗೆರೆಯ ಮೇಲೇ ನಿಂತಿದೆ.

ಬ್ಯಾಟರಿ ಅಂಗಡಿ. ಅಂಗಡಿಯವನು ನಮ್ಮಿಬ್ಬರ ಬೆನ್ನ ಹಿಂದೆ ಬೇರೆ ಯಾರನ್ನೋ ಹುಡುಕಿದ. ಜೊತೆಗೆ ಗಂಡಸರು ಯಾರೂ ಇಲ್ಲವೇ ಅಂತ ಕೇಳಿದ. ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕ ಮಾತ್ರ ತಣ್ಣಗೆ:

"ಒಬ್ಬ ಇದ್ದ. ಚಾರ್ಜ್ ಹಿಡೀತಿರಲಿಲ್ಲ, ಬಿಟ್ಟೆ."

ಬ್ಯಾಟರಿಗೆ ವಯಸ್ಸಾಗಿದೆ. ಈ ಅಳತೆಯದು ತರಿಸಬೇಕು, ಎರಡು ವಾರ ಬೇಕಂತೆ. ಅಲ್ಲಿಯವರೆಗೆ ವ್ಯಾನಿಗೆ ಕರೆಂಟ್ ಕೊಡುವ ಪ್ಲಗ್ ಇರುವ ಕ್ಯಾಂಪಿನಲ್ಲಿ ಉಳಿಯೋಣ ಅಂದೆ. ಪ್ಲಗ್ ಹಾಕಿ ಮಲಗುವುದಾದರೆ ಮನೆಯಲ್ಲೇ ಮಲಗಬಹುದಿತ್ತಲ್ಲ, ಅಂದಳು. ರಸ್ತೆ ಸಮುದ್ರದಲ್ಲಿ ಮುಗಿಯುವ ತನಕ ಹೋಗಬೇಕು, ಇನ್ನೊಂದು ವಾರ, ಅಷ್ಟೇ. ಅವಳದು ಒಂದೇ ಹಟ. ಅಪ್ಪನದೇ ಹಟ.

ಮೇ 7, ಬೆಳಿಗ್ಗೆ

12.5!

ಎರಡು ರಾತ್ರಿಯಿಂದ ದೀಪ ಹಚ್ಚಿಲ್ಲ. ಅಂದರೆ ಅವಳು ಹೇಳಿದ್ದೇ ಸರಿ? ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಕತ್ತಲಲ್ಲಿ ಬಾಯಿಪಾಠದ ಸಾಲುಗಳನ್ನು ಮೆಲುಕು ಹಾಕುತ್ತ ಮಲಗಿದೆ, ಕಿವಿಗೆ ಎಂದಿನಂತೆ ಹತ್ತಿ ತುರುಕಿಕೊಂಡು. ಆ ಮೆಷಿನ್ ಹಾವಿನ ಹಾಗೆ ಬುಸುಗುಟ್ಟುತ್ತದೆ.

ಅಕ್ಕನಿಗೆ ಸಂಖ್ಯೆ ಹೇಳಿದೆ. "ನೋಡಿದ್ಯಾ?" ಅಂದಳು, ಅಷ್ಟೇ. ತಲೆನೋವಂತೆ.

ಮೇ 8

ಮತ್ತೆ 12.5. ಹೊರಗೆ ಮೋಡ, ಚಳಿ. ಇಡೀ ದಿನ ಒಂದೇ ಕಡೆ ನಿಂತಿದ್ದೆವು.

ಪಾತ್ರೆ ತೊಳೆದವಳು ನಾನು. ನೀರು ತುಂಬಿದವಳು ನಾನು. ಅಕ್ಕ ಕಾಫಿ ಲೋಟ ಹಿಡಿದುಕೊಂಡೇ ತೂಕಡಿಸುತ್ತಾಳೆ. ನನ್ನ ಕಷ್ಟ ಹೇಳಿಕೊಳ್ಳುತ್ತಿದ್ದೆ, ವಾಕ್ಯ ಮುಗಿಯುವ ಮೊದಲೇ ಗೊರಕೆ. ತಂಗಿಯ ಮಾತು ಅಂದರೆ ಜೋಗುಳ ಅಂದುಕೊಂಡಿದ್ದಾಳೆ. ನಾಳೆಯಿಂದ ಮಾತೇ ಆಡುವುದಿಲ್ಲ. ನೋಡೋಣ ಎಷ್ಟು ದಿನ...

ಮೇ 11, ಮಧ್ಯಾಹ್ನ

 ಬರೆಯದಿದ್ದರೆ ಏನನ್ನಾದರೂ ಒಡೆದುಹಾಕುತ್ತೇನೆ.

ನೇರ ರಸ್ತೆ. ಓಡಿಸುತ್ತಿದ್ದವಳು ಅಕ್ಕ. ಎದುರಿಗೆ ಒಂದು ಗಾಡಿಯೂ ಇಲ್ಲ. ವ್ಯಾನ್ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಏನೋ ತೋರಿಸಲು ನಿಲ್ಲಿಸುತ್ತಿದ್ದಾಳೆ ಅಂದುಕೊಂಡೆ. ತಿರುಗಿ ನೋಡಿದರೆ ಅವಳ ಕಣ್ಣು ಮುಚ್ಚಿತ್ತು. ಕಿರುಚಿ ಸ್ಟಿಯರಿಂಗ್ ಎಳೆದೆ. ಜಲ್ಲಿಯ ಮೇಲೆ ಜಾರಿ, ಕಂಬದಿಂದ ಒಂದು ಮೊಳ ದೂರದಲ್ಲಿ ನಿಂತಿತು.

ಮೂವತ್ತು ವರ್ಷ ಡ್ರೈವಿಂಗ್ ಸ್ಕೂಲಿನಲ್ಲಿ ಊರಿಗೆಲ್ಲ ಗಾಡಿ ಕಲಿಸಿದವಳು. ಬಿಸಿಲು ಕಣ್ಣಿಗೆ ಹೊಡೆಯಿತು ಅಂದಳು.

ಬಿಸಿಲೇ? ನಾಲ್ಕು ದಿನದಿಂದ ಮೋಡ. ಮೇಲಿನ ಸೋಲಾರ್ ಹಲಗೆಗೆ ಬಿಸಿಲೇ ತಾಗಿಲ್ಲ. ಗಾಡಿ ಓಡಿದ್ದೂ ಅಷ್ಟಕ್ಕಷ್ಟೇ. ಹಾಗಿದ್ದರೆ ದಿನಾ ಬೆಳಿಗ್ಗೆ ಆ 12.5 ಎಲ್ಲಿಂದ ಬಂತು?

ಅವಳ ಮುಖ ನೋಡಿದೆ. ಕೆನ್ನೆ ನುಣ್ಣಗಿತ್ತು. ಗೆರೆಯೇ ಇಲ್ಲ. ಪಟ್ಟೆಹುಲಿ ಅಂದು ರೇಗಿಸಿ ಎಷ್ಟು ದಿನವಾಯಿತು? ಕವಿತೆಯಲ್ಲಿ ಒಂದು ಅಲ್ಪವಿರಾಮ ತಪ್ಪಿದರೆ ಕಾಣುವ ಕಣ್ಣು ನನ್ನದು.

ಎಷ್ಟು ರಾತ್ರಿಯಿಂದ ಅಂತ ಕೇಳಿದೆ. ಅಂಗಡಿಗೆ ಹೋದ ದಿನದಿಂದ. ನಾನು ಕಿವಿಗೆ ಹತ್ತಿ ಇಟ್ಟು ಮಲಗಿದ ಮೇಲೆ ಮಾಸ್ಕ್ ತೆಗೆದು, ಮೆಷಿನ್ ಆಫ್ ಮಾಡಿ ಮಲಗುತ್ತಿದ್ದಳು.

"ಹನ್ನೆರಡಕ್ಕಿಂತ ಇಳಿದ್ರೆ ವಾಪಸ್ ಅಂದ್ಯಲ್ಲ" ಅಂದಳು.

"ಅದಕ್ಕೆ ಉಸಿರು ನಿಲ್ಲಿಸ್ತೀಯಾ?"

"ಮೂವತ್ತು ವರ್ಷ ಅದೇ ನಾಲ್ಕು ಬೀದಿ ಸುತ್ತಿದೀನಿ. ಎಡಕ್ಕೆ, ಎಡಕ್ಕೆ, ಎಡಕ್ಕೆ, ಮತ್ತೆ ಸ್ಕೂಲಿನ ಮುಂದೆ. ಒಂದು ಸಲ ನೇರ ಹೋಗ್ಬೇಕು ಅನ್ನಿಸ್ತು ಕಣೇ."

"ಹೋಗ್ತಿದ್ಯಲ್ಲ ನೇರ. ಕಂಬಕ್ಕೆ."

ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಬೀಗದ ಕೈ ತೆಗೆದು ನನ್ನ ಮಡಿಲಿಗೆ ಹಾಕಿದಳು. ಅದು ನನಗೆ ಇನ್ನೂ ಕೋಪ ತರಿಸಿತು.

ಮುಂದಿನ ಊರಿನವರೆಗೆ ನಾನೇ ಓಡಿಸಿದೆ. ಎರಡು ಸಲ ಇಂಜಿನ್ ಆಫ್ ಆಯಿತು. ಅಕ್ಕ ಪಕ್ಕದ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಒತ್ತುತ್ತಿದ್ದಳು. ಊರಿನ ಕ್ಯಾಂಪಿನಲ್ಲಿ ಪ್ಲಗ್ ಜಾಗವೆಲ್ಲ ಭರ್ತಿ. ನಾಳೆಗೆ ಒಂದು ಕಾದಿರಿಸಿದೆ, ಸಮುದ್ರದ ಹತ್ತಿರದ್ದು. ಸಮುದ್ರ ಅಂತ ಅವಳಿಗೆ ಹೇಳಿಲ್ಲ. ಅಷ್ಟು ಬೇಗ ಯಾಕೆ ಹೇಳಲಿ?

ಮೇ 12, ಬೆಳಿಗ್ಗೆ

11.8.

ಫ್ರಿಜ್ ಆಫ್ ಮಾಡಿದ್ದೆ, ಪಂಪು, ದೀಪ, ಎಲ್ಲವನ್ನೂ. ಹಾಲು ಒಡೆದಿದೆ. ಹಾಳಾಗಿ ಹೋಗಲಿ. ಕಿವಿಯ ಹತ್ತಿ ಕಸದ ಬುಟ್ಟಿಯಲ್ಲಿದೆ. ರಾತ್ರಿಯಿಡೀ ಹಾವು ಬುಸುಗುಟ್ಟಿತು, ನಾನು ಒಂದೊಂದು ಬುಸ್ಸನ್ನೂ ಕೇಳಿಸಿಕೊಂಡೆ. ಬ್ಯಾಟರಿ ತೀರಾ ಇಳಿಯಿತೆಂದು ಮೀಟರ್ ಕೂಗತೊಡಗಿದಾಗ ಅಲಾರಂ ಅದುಮಿ ಬಾಯಿ ಮುಚ್ಚಿಸಿದೆ. ಇಷ್ಟು ಕೆಟ್ಟ ಸಂಖ್ಯೆಯನ್ನು ಇಷ್ಟು ಹೊತ್ತು ನೋಡುತ್ತ ನಿಂತದ್ದು ಇದೇ ಮೊದಲು.

ಬ್ಯಾಟರಿ ಇಳಿದಿದೆ. ನನ್ನ ಕೋಪ ಇಳಿದಿಲ್ಲ.

ಅಕ್ಕ ಎದ್ದಳು. ಕೆನ್ನೆಯ ಮೇಲೆ ಎರಡು ಕೆಂಪು ಗೆರೆ. ಮೊದಲ ಮಾತೇ, ಎಷ್ಟಿದೆ ಅಂತ. ಕಣ್ಣಲ್ಲಿ ಭಯ.

"ಹನ್ನೆರಡೂವರೆ" ಅಂದೆ.

"ಬೆಳಿಗ್ಗೆ ಆರಕ್ಕೇ ಹನ್ನೆರಡೂವರೆ ಆಗೋಯ್ತಾ?"

ಅಕ್ಕ ಈಗ ಎದ್ದು ಹೋಗಿ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಿದ್ದಾಳೆ. ಅಲ್ಲಿಂದಲೇ ಕೂಗುತ್ತಿದ್ದಾಳೆ, ಬರೆದದ್ದು ಸಾಕು, ಸುಳ್ಳು ಹೇಳುವುದಂತೂ ಬರುವುದಿಲ್ಲ, ಗೇರ್ ಹಾಕುವುದನ್ನಾದರೂ ಕಲಿ, ಮೊದಲು ಕನ್ನಡಿ ನೋಡು, ಆಮೇಲೆ ಸಿಗ್ನಲ್ ಹಾಕು, ಆಮೇಲೆ —